ನೆಲದ ಟಿಕೆಟ್ಟಿನ ಚರಿತ್ರೆ

ನಾನು ಸಿನಿಮಾ ಹುಚ್ಚಿನವಳಲ್ಲ. ಹಬ್ಬಕ್ಕೊಂದು, ನೆಂಟರು ಬಂದಾಗ ಇನ್ನೊಂದು, ಮಕ್ಕಳು ಗೋಗರೆದರೆ ಮತ್ತೊಂದು, ಹೀಗೆ ವರ್ಷಕ್ಕೆ ಮೂರು ನಾಲ್ಕು ದಾಟಿದ್ದಿಲ್ಲ. ಯಾವ ನಟನ ಹುಟ್ಟುಹಬ್ಬ ಯಾವತ್ತು ಎಂದು ಕೇಳಿದರೆ ತಡವರಿಸುತ್ತೇನೆ. ಆದರೆ ನೋಡಿದ ಚಿತ್ರದ ಬಗ್ಗೆ ಒಂದು ಅಭಿಪ್ರಾಯವಿಲ್ಲದೆ ಮನೆಗೆ ಬಂದವಳೂ ಅಲ್ಲ. ನಮ್ಮ ಕಡೆಯ ಹೆಂಗಸರು ಹಾಗೆಯೇ. ಮಾರನೆಯ ದಿನ ನಲ್ಲಿಯ ಹತ್ತಿರ ಕೊಡ ಇಟ್ಟು ನಿಂತರೆ, ಕೊಡ ತುಂಬುವುದರೊಳಗೆ ಇಡೀ ಚಿತ್ರದ ನ್ಯಾಯ ತೀರ್ಮಾನ ಆಗಿಬಿಡುತ್ತಿತ್ತು. ಪತ್ರಿಕೆಯಲ್ಲಿ ವಿಮರ್ಶೆ ಬರೆಯುವವರು ಕ್ಯಾಮೆರಾ, ಸಂಗೀತ, ಸಂಕಲನ ಎನ್ನುತ್ತಿದ್ದರು. ನಾವು, ಆ ಗಂಡ ಹಾಗೆ ಮಾಡಬಾರದಿತ್ತು, ಆ ಅತ್ತೆಗೆ ಇನ್ನೂ ಒಂದು ಮಾತು ಹೇಳಬೇಕಿತ್ತು, ಎನ್ನುತ್ತಿದ್ದೆವು. ಕನ್ನಡ ಚಿತ್ರರಂಗದ ಚರಿತ್ರೆಯ ಪುಸ್ತಕಗಳಲ್ಲಿ ಬೆಂಗಳೂರು, ಮೈಸೂರು, ಮದರಾಸುಗಳ ಸಂಗತಿ ಬೇಕಾದಷ್ಟಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಲ್ಲಿ ನೆಲದ ಮೇಲೆ ಕಾಲು ಮಡಿಸಿ ಕೂತು ನೋಡಿದವರ ಸಂಗತಿ ಅಷ್ಟಾಗಿ ಇಲ್ಲ. ಆ ಕೊರತೆಯನ್ನು ನಾನೊಬ್ಬಳೇ ತುಂಬಲಾರೆ. ನನಗೆ ತಿಳಿದಷ್ಟು ಬರೆದಿಡುತ್ತೇನೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಅದರ ಚಿತ್ರೀಕರಣ ನಡೆದದ್ದು ದೂರದ ಕೊಲ್ಹಾಪುರದಲ್ಲಿ. ಸುಲೋಚನೆಯಾದವರು ತ್ರಿಪುರಾಂಬ, ಇಂದ್ರಜಿತುವಾದವರು ಸುಬ್ಬಯ್ಯ ನಾಯ್ಡು. ಅದೇ ಹೊತ್ತಿನಲ್ಲಿ ನಮ್ಮ ಕಡೆ ಇನ್ನೊಂದು ದೊಡ್ಡ ಬದಲಾವಣೆ ಆಗುತ್ತಿತ್ತು. ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿಯಲ್ಲಿ ಕಟ್ಟಿದ ಅಣೆಕಟ್ಟೆಯಿಂದ ನಾಲೆಗೆ ನೀರು ಹರಿದು, ರಾಗಿ ಬೆಳೆಯುತ್ತಿದ್ದ ಹೊಲಗಳು ಕಬ್ಬಿನ ಗದ್ದೆಗಳಾಗುತ್ತಿದ್ದವು. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ಸಿನಿಮಾಕ್ಕೂ ಸಕ್ಕರೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಉಂಟು. ಭತ್ತ, ರಾಗಿ ಮನೆಯ ಕಣಜಕ್ಕೆ ಹೋಗುತ್ತವೆ. ಕಬ್ಬು ಕಾರ್ಖಾನೆಗೆ ಹೋಗಿ ದುಡ್ಡಾಗಿ ಬರುತ್ತದೆ. ಕೈಯಲ್ಲಿ ಚಿಲ್ಲರೆ ಆಡಿದರೆ ತಾನೇ ಸಂತೆ, ಹೋಟೆಲು, ಸಿನಿಮಾ! ಒಂದು ಕಾಲಕ್ಕೆ ಫ್ರೆಂಚ್ ರಾಕ್ಸ್ ಎಂದು ಕರೆಸಿಕೊಳ್ಳುತ್ತಿದ್ದ ಪಾಂಡವಪುರದಲ್ಲಿ ಕಬ್ಬಿನ ಗಾಡಿಗಳ ಸಾಲು ನೋಡಿ ಬೆಳೆದವಳು ನಾನು. ಮಳೆ ನಂಬಿದ ನಾಗಮಂಗಲದ ನಮ್ಮ ನೆಂಟರು ಸುಗ್ಗಿ ಮುಗಿದ ಮೇಲೆ ಮಾತ್ರ ಸಿನಿಮಾದ ಮಾತೆತ್ತುತ್ತಿದ್ದರು. ನಮ್ಮ ಬೀದಿಯವರಿಗೆ ಕಾರ್ಖಾನೆಯ ಬಟವಾಡೆಯ ದಿನವೇ ಸುಗ್ಗಿ.

ಟೆಂಟಿನ ವಿಚಾರ ಇಂದಿನ ಮಕ್ಕಳಿಗೆ ಬಿಡಿಸಿ ಹೇಳಬೇಕು. ಊರ ಹೊರಗಿನ ಬಯಲಿನಲ್ಲಿ ಕಂಬ ನೆಟ್ಟು, ಡೇರೆ ಎಳೆದು, ಸುತ್ತ ತಡಿಕೆ ಕಟ್ಟಿದರೆ ಟೂರಿಂಗ್ ಟಾಕೀಸು ಸಿದ್ಧ. ಬೆಳಕು ಒಳಗೆ ಬರುವುದರಿಂದ ಹಗಲು ಆಟವಿಲ್ಲ. ಕತ್ತಲಾದ ಮೇಲೆ ಮೊದಲನೆಯ ಆಟ, ಅದು ಬಿಟ್ಟ ಮೇಲೆ ಎರಡನೆಯ ಆಟ. ಯಂತ್ರ ಒಂದೇ ಇದ್ದುದರಿಂದ ರೀಲು ಬದಲಿಸುವಾಗಲೆಲ್ಲ ದೀಪ ಹತ್ತಿಸುತ್ತಿದ್ದರು. ಒಂದು ಚಿತ್ರಕ್ಕೆ ಮೂರು ನಾಲ್ಕು ವಿರಾಮ. ಕಡಲೆಕಾಯಿ, ಸೋಡ ಮಾರುವ ಹುಡುಗರಿಗೆ ಅದೇ ವ್ಯಾಪಾರದ ಹೊತ್ತು. ಮುಂದೆ ನೆಲ, ಅದರ ಹಿಂದೆ ಬೆಂಚು, ಕೊನೆಗೆ ಕುರ್ಚಿ. ನಾವು ಮಕ್ಕಳು ಮರಳನ್ನು ಗುಡ್ಡೆ ಮಾಡಿ ಎತ್ತರದ ಪೀಠ ಮಾಡಿಕೊಳ್ಳುತ್ತಿದ್ದೆವು. ಹಿಂದೆ ಕೂತವರು ಬೈದಾಗ ಗುಡ್ಡೆ ಕರಗುತ್ತಿತ್ತು. ಆಟ ಶುರುವಾಗುವ ಮುಂಚೆ ಘಂಟಸಾಲ ಹಾಡಿದ ವೆಂಕಟೇಶ್ವರನ ಹಾಡು ಮೈಕಿನಲ್ಲಿ ಕೇಳುತ್ತಿತ್ತು. ಊರಿನ ಅರ್ಧ ಮನೆಗಳಲ್ಲಿ ಆ ಹಾಡೇ ಗಡಿಯಾರ. ಹಾಡು ಶುರುವಾಯಿತೆಂದರೆ ಹಿಟ್ಟು ತೊಳಸುವ ಕೈ ಚುರುಕಾಗುತ್ತಿತ್ತು. ಮೇಲುಕೋಟೆಯ ವೈರಮುಡಿ, ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ಜಾತ್ರೆ, ನಾಗಮಂಗಲದ ಕಡೆಯ ಆದಿಚುಂಚನಗಿರಿಯ ಜಾತ್ರೆ, ಇವೆಲ್ಲ ಬಂದರೆ ದೇವರ ಹೆಸರಿನಲ್ಲಿ ಒಂದು ಸಿನಿಮಾ ನೋಡಿ ಬರುವುದಕ್ಕೂ ದಾರಿಯಾಗುತ್ತಿತ್ತು.

ಟೆಂಟಿನಲ್ಲಿ ಹೆಂಗಸರ ಕಡೆ ಎಂದು ಬೇರೆಯೇ ಇತ್ತು. ನಡುವೆ ಒಂದು ಹಗ್ಗವೋ, ಮೋಟು ಗೋಡೆಯೋ ಇರುತ್ತಿತ್ತು. ಇಂದಿನವರು ಅದನ್ನು ಕಟ್ಟುಪಾಡು ಎನ್ನಬಹುದು, ಹೌದು, ಕಟ್ಟುಪಾಡೇ. ಆದರೆ ಆ ಹಗ್ಗದ ಈಚೆ ಬಂದು ಕೂತರೆ ಮೂರು ಗಂಟೆ ಯಾರೂ ನಮ್ಮನ್ನು ‘ನೀರು ತಾ’ ಎನ್ನುತ್ತಿರಲಿಲ್ಲ. ಸೆರಗು ಸರಿದರೆ ಯಾರೂ ನೋಡುತ್ತಿರಲಿಲ್ಲ. ಮಗುವಿಗೆ ಹಾಲು ಕುಡಿಸಬಹುದಿತ್ತು, ಕತ್ತಲಲ್ಲಿ ಮನಸಾರೆ ಅಳಬಹುದಿತ್ತು. ನನ್ನ ಅವ್ವ ಮನೆಯಲ್ಲಿ ಅತ್ತದ್ದನ್ನು ನಾನು ನೋಡಿಲ್ಲ; ಟೆಂಟಿನಲ್ಲಿ ನೋಡಿದ್ದೇನೆ. ಪಕ್ಕದ ಮನೆಯ ದೊಡ್ಡವ್ವ ಒಮ್ಮೆ, “ಏನಮ್ಮಿ, ಸೀತೆ ಕಷ್ಟಕ್ಕೆ ಇಷ್ಟೊಂದು ಅಳ್ತೀಯಲ್ಲ,” ಎಂದು ಕೇಳಿದ್ದಕ್ಕೆ ಅವ್ವ, “ಸೀತೆಗಾದ್ರೆ ಅಳಕ್ಕೆ ವಾಲ್ಮೀಕಿ ಆಸ್ರಮ ಇತ್ತು ಕಣಕ್ಕ, ನಮಗೆ ಎಲ್ಲೈತೆ?” ಎಂದಿದ್ದಳು. ಚರಿತ್ರೆಯಲ್ಲಿ ಬರೆಯಬೇಕಾದ ಮಾತು ಅದು ಎಂದು ನನಗೆ ಈಗಲೂ ಅನ್ನಿಸುತ್ತದೆ. ಸಿನಿಮಾಕ್ಕೆ ಅಪ್ಪಣೆ ಸುಲಭಕ್ಕೆ ಸಿಗುತ್ತಿರಲಿಲ್ಲ. ದೇವರ ಚಿತ್ರವಾದರೆ ಸರಿ, ಇಲ್ಲವೇ ಜೊತೆಗೊಬ್ಬರು ಹಿರಿಯ ಹೆಂಗಸು ಇರಬೇಕು. ಹೀಗಾಗಿ ಬೀದಿಗೊಬ್ಬಳು ಸಿನಿಮಾ ಅಜ್ಜಿ ಇರುತ್ತಿದ್ದಳು. ಆಕೆಯ ಟಿಕೆಟ್ಟಿಗೆ ನಾವೆಲ್ಲ ಸೇರಿ ಕಾಸು ಹಾಕುತ್ತಿದ್ದೆವು.

ಅಪ್ಪಣೆ ಸಿಗುತ್ತಿದ್ದ ದೇವರ ಚಿತ್ರಗಳಲ್ಲಿ 1954ರ ‘ಬೇಡರ ಕಣ್ಣಪ್ಪ’ ದೊಡ್ಡದು. ರಾಜಕುಮಾರ್ ನಾಯಕರಾಗಿ ಬಂದ ಮೊದಲ ಚಿತ್ರ ಅದು. ನಾನು ಅದನ್ನು ನೋಡಿದ್ದು ಬಹಳ ತಡವಾಗಿ. ಹಳೆಯ ಚಿತ್ರಗಳು ಟೆಂಟುಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಎಲ್ಲರೂ ಕಣ್ಣು ಕಿತ್ತುಕೊಟ್ಟ ಕಣ್ಣಪ್ಪನನ್ನು ಕೊಂಡಾಡಿದರು. ನನ್ನ ಕಣ್ಣು ಮಾತ್ರ ಪಂಡರಿಬಾಯಿಯವರ ನೀಲಾಳ ಮೇಲೆ. ಗಂಡ ಭಕ್ತನಾಗುವ ಮೊದಲೂ ಆಮೇಲೂ ಮನೆಯ ಒಲೆಯ ಚಿಂತೆ ಅವಳದೇ. 1960ರಲ್ಲಿ ಬಂದ ‘ರಣಧೀರ ಕಂಠೀರವ’ದ ಮೇಲೆ ಶ್ರೀರಂಗಪಟ್ಟಣದವರಿಗೆ ತಮ್ಮ ಮನೆಯದೇ ಎಂಬ ಅಭಿಮಾನ. 1638ರಿಂದ 1659ರವರೆಗೆ ಆ ಊರನ್ನೇ ರಾಜಧಾನಿಯಾಗಿಟ್ಟುಕೊಂಡು ಆಳಿದ ಕಂಠೀರವ ನರಸರಾಜ ಒಡೆಯರ ಕಥೆ ಅದು. ಚಿತ್ರರಂಗ ಸೊರಗಿದ್ದ ಹೊತ್ತಿನಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ, ಕಲಾವಿದರ ಸಂಘ ಕಟ್ಟಿಕೊಂಡು ತೆಗೆದ ಚಿತ್ರ. ಆಗಿನ ಕನ್ನಡ ಚಿತ್ರಗಳು ಬಹುತೇಕ ಮದರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು. ಕೋಟೆ ಇಲ್ಲಿ, ಕೋಟೆಯ ಕಥೆಯವರು ಅಲ್ಲಿ! ನಿಜವಾದ ಕೋಟೆಗೋಡೆಯ ಪಕ್ಕದಲ್ಲೇ ಬಟ್ಟೆ ಒಗೆದು ಒಣಗಿಸುತ್ತಿದ್ದ ಹೆಂಗಸರು ರಟ್ಟಿನ ಕೋಟೆಗೆ ದುಡ್ಡು ಕೊಟ್ಟು ನೋಡಿದರು.

ನಮ್ಮ ತಾಲ್ಲೂಕಿನಲ್ಲೇ ಹುಟ್ಟಿದ ಒಬ್ಬ ಹುಡುಗಿ ಮದರಾಸಿಗೆ ಹೋಗಿ ಏನಾದಳು ಎಂಬುದು ಎಲ್ಲರಿಗೂ ಗೊತ್ತು. ಜಯಲಲಿತಾ ಹುಟ್ಟಿದ್ದು 1948ರ ಫೆಬ್ರವರಿ 24ರಂದು, ಮೇಲುಕೋಟೆಯಲ್ಲಿ. ತಮಿಳಿನಲ್ಲಿ ಹೆಸರು ಮಾಡುವ ಮೊದಲೇ, ಹದಿನಾರರ ಪ್ರಾಯದಲ್ಲಿ, 1964ರ ‘ಚಿನ್ನದ ಗೊಂಬೆ’ಯಲ್ಲಿ ಕಲ್ಯಾಣ್ ಕುಮಾರರ ಜೊತೆ ನಾಯಕಿಯಾದರು. ನಿರ್ದೇಶಕರು ಬಿ.ಆರ್. ಪಂತುಲು. ಆ ಚಿತ್ರ ನೋಡಿದಾಗ ನನಗೆ ಕಂಡದ್ದು ಓದುವ ವಯಸ್ಸಿನ ಒಂದು ಮಗು. ಮುಖದಲ್ಲಿ ಜಾಣತನ ಎದ್ದು ಕಾಣುತ್ತದೆ. ಕಥೆಗೆ ಆ ಜಾಣತನ ಬೇಕಾಗಿರಲಿಲ್ಲ. ಮುಂದೆ ಅದೇ ಜಾಣತನ ಒಂದು ರಾಜ್ಯವನ್ನು ಆಳಿತು. ಕಾವೇರಿ ನೀರಿನ ಜಗಳದ ದಿನಗಳಲ್ಲಿ ನಮ್ಮ ಬೀದಿಯವರು ಆಕೆಯನ್ನು ಬೈದದ್ದೂ ಉಂಟು, ಬೈದು ಮುಗಿಸಿ, “ಏನೇ ಆದ್ರೂ ಮೇಲ್ಕೋಟೆ ಹೆಣ್ಣು ಕಣವ್ವ,” ಎಂದು ಒಂದು ಹಿಡಿ ಹೆಮ್ಮೆ ಸೇರಿಸಿದ್ದೂ ಉಂಟು. 2016ರ ಡಿಸೆಂಬರ್ 5ರಂದು ಅವರು ತೀರಿಕೊಂಡಾಗ ಟೀವಿಯ ಮುಂದೆ ಕೂತಿದ್ದ ನಮ್ಮ ಮನೆಯ ಹೆಂಗಸರಲ್ಲಿ ಯಾರೂ ನೀರಿನ ಮಾತೆತ್ತಲಿಲ್ಲ.

ಇನ್ನು ‘ಬಂಗಾರದ ಮನುಷ್ಯ’. 1972ರಲ್ಲಿ ಬಂದದ್ದು, ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ರೈತರ ಜಿಲ್ಲೆಯಲ್ಲಿ ಅದರ ಹವಾ ಹೇಗಿತ್ತೆಂದು ಹೇಳಬೇಕಾಗಿಲ್ಲ. ನೇಗಿಲು ಹಿಡಿಯಲು ನಾಚುತ್ತಿದ್ದ ಓದಿದ ಹುಡುಗರು ಕೂಡ ಒಂದು ವಾರ ಗದ್ದೆಗೆ ಹೋದರು. ಕೆಲವರು ಅಲ್ಲೇ ಉಳಿದರು. ಅಂಥ ಚಿತ್ರದ ಬಗ್ಗೆ ನನ್ನದೊಂದು ತಕರಾರಿದೆ. ರಾಜೀವ ಬಂಡೆ ಒಡೆದು ನೆಲ ಹಸನು ಮಾಡಿದ, ಅಕ್ಕನ ಸಂಸಾರ ಎತ್ತಿ ನಿಲ್ಲಿಸಿದ, ಕೊನೆಗೆ ಅಕ್ಕನ ಮಗನ ಚುಚ್ಚುಮಾತಿಗೆ ನೊಂದು ಉಟ್ಟ ಬಟ್ಟೆಯಲ್ಲಿ ಹೊರಟುಹೋದ. ಥಿಯೇಟರಿಗೆ ಥಿಯೇಟರೇ ಅತ್ತಿತು. ಹೊರಟುಹೋಗುವುದು ಗಂಡಸಿಗೆ ಒದಗುವ ದೊಡ್ಡತನ. ವಿಧವೆ ಅಕ್ಕ ಎಲ್ಲಿಗೆ ಹೋಗಬೇಕು? ಅವಮಾನ ಮಾಡಿದ ಮಗನಿಗೇ ಸಂಜೆ ಮುದ್ದೆ ಕಟ್ಟಿ ಬಡಿಸಬೇಕು. ಇತ್ತ ಭಾರತಿಯವರ ಲಕ್ಷ್ಮಿ, ನಗುನಗುತ್ತಾ ಇದ್ದವಳನ್ನು ಗೂಳಿಯ ಕೊಂಬಿಗೆ ಕೊಟ್ಟು ಮುಗಿಸಿದರು. ಗಂಡನ ತ್ಯಾಗ ಬೆಳಗಬೇಕಾದರೆ ಹೆಂಡತಿ ದಾರಿ ಬಿಡಬೇಕೆಂಬುದು ನಮ್ಮ ಚಿತ್ರಗಳ ಹಳೆಯ ಲೆಕ್ಕ. ಇಷ್ಟೆಲ್ಲ ಹೇಳಿದ ಮೇಲೂ ಒಪ್ಪಿಕೊಳ್ಳಬೇಕು, ಕೆಸರು ಮೆತ್ತಿದ ಕಾಲಿಗೆ ಅಷ್ಟು ಗೌರವ ಕೊಟ್ಟ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ.

ನಮ್ಮ ನೆಲದ ಹೆಂಗಸರು ಬರೆದದ್ದು ತೆರೆಗೆ ಬಂದಾಗ ಲೆಕ್ಕ ಬೇರೆಯಾಯಿತು. ಶ್ರೀರಂಗಪಟ್ಟಣದಲ್ಲಿ ಹುಟ್ಟಿದ ಬಿ.ಎನ್. ಸುಬ್ಬಮ್ಮನವರನ್ನು ನಾಡು ‘ವಾಣಿ’ ಎಂಬ ಹೆಸರಿನಿಂದ ಬಲ್ಲದು. ಅವರ ‘ಎರಡು ಕನಸು’ 1974ರಲ್ಲಿ, ‘ಶುಭಮಂಗಳ’ 1975ರಲ್ಲಿ, ‘ಹೊಸಬೆಳಕು’ 1982ರಲ್ಲಿ ಚಿತ್ರಗಳಾದವು. ‘ಎರಡು ಕನಸು’ವಿನ ರಾಮಚಂದ್ರ, ಕೈತಪ್ಪಿದ ಪ್ರೀತಿಯನ್ನು ನೆನೆಯುತ್ತಾ ಕಟ್ಟಿಕೊಂಡ ಗೌರಿಯನ್ನು ಕಣ್ಣೆತ್ತಿ ನೋಡುವುದಿಲ್ಲ. ಹಳೆಯ ಪ್ರೇಯಸಿ ತನ್ನ ಗಂಡನೊಡನೆ ಸುಖವಾಗಿರುವುದನ್ನು ಕಂಡ ಮೇಲೆ ಇವನಿಗೆ ತನ್ನ ಹೆಂಡತಿ ಕಾಣುತ್ತಾಳೆ. ಕಲ್ಪನಾ ಆ ಗೌರಿಯಾಗಿ ಮಾತಿಗಿಂತ ಹೆಚ್ಚಾಗಿ ಮೌನದಲ್ಲೇ ಎಲ್ಲ ಹೇಳಿದರು. ನಾನು ನೋಡಿದ ದಿನ ನನ್ನ ಪಕ್ಕ ಕೂತಿದ್ದ ಹೆಂಗಸು, ಗುರುತು ಪರಿಚಯ ಇಲ್ಲದವರು, ಮಧ್ಯಂತರದಲ್ಲಿ ನನ್ನ ಕಡೆ ತಿರುಗಿ, “ಇವನಿಗೆ ಊಟಕ್ಕಿಕ್ಕೋದು ಬುಡಬೇಕಾಗಿತ್ತು ಕಣವ್ವ,” ಎಂದರು. ‘ಶುಭಮಂಗಳ’ದಲ್ಲಿ ಆರತಿ ಅವರ ಹೇಮಾ, ತಂದೆ ಸತ್ತ ಮೇಲೆ ಯಾರ ಹಂಗೂ ಬೇಡವೆಂದು ತನ್ನ ಕಾಲ ಮೇಲೆ ನಿಲ್ಲಲು ಹೊರಡುವುದೇ ಕಥೆಯ ಜೀವ. ಹಾಗೆ ಹೊರಟವಳನ್ನು ಚಿತ್ರ ಬೈಯಲಿಲ್ಲ. ಆ ಕಾಲಕ್ಕೆ ಅದು ಸಣ್ಣ ಸಂಗತಿಯಲ್ಲ.

ತ್ರಿವೇಣಿಯವರ ನಂಟೂ ನಮ್ಮದೇ. ಬಿ.ಎಂ.ಶ್ರೀ ಅವರ ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ತ್ರಿವೇಣಿ ಆ ಮನೆತನದ ಹೆಣ್ಣುಮಗಳು. 1963ರಲ್ಲಿ, ಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ ಈ ಮೂರೂ ತೆರೆಗೆ ಬಂದದ್ದು ಆಮೇಲೆ. 1971ರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರು ತೆಗೆದರು. ಬಾಣಂತನದ ಹೊತ್ತಿನಲ್ಲಿ ಮನಸ್ಸು ಕದಡಿದ ಕಾವೇರಿ ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಬರುತ್ತಾಳೆ. ಮನೆಯವರ ಕಣ್ಣಿಗೆ ಅವಳು ಹುಚ್ಚಿಯೇ. ಗಂಡನ ದ್ರೋಹ ಗೊತ್ತಾದಾಗ ಅವಳ ಕೋಪವೂ ಹುಚ್ಚಿನ ಲೆಕ್ಕಕ್ಕೆ ಹೋಗುತ್ತದೆ. ಆ ಚಿತ್ರ ಬರುವ ತನಕ ನಮ್ಮ ಕಡೆ ಅಂಥ ಹೆಂಗಸಿಗೆ ಗಾಳಿ ಮೆಟ್ಟಿದೆ ಎನ್ನುತ್ತಿದ್ದರು, ಬೇವಿನ ಸೊಪ್ಪು ತರುತ್ತಿದ್ದರು. ನಮ್ಮ ಬೀದಿಯಲ್ಲೇ ಒಬ್ಬ ಬಾಣಂತಿಯನ್ನು ಆ ಸೊಪ್ಪಿನಲ್ಲಿ ಬಡಿದದ್ದನ್ನು ನಾನು ಚಿಕ್ಕಂದಿನಲ್ಲಿ ಕಣ್ಣಾರೆ ನೋಡಿದ್ದೆ. ಚಿತ್ರ ನೋಡಿ ಬಂದ ಮೇಲೆ ಆಕೆಯ ಅತ್ತೆ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ಸೊಸೆಯನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಂದು ಸಿನಿಮಾದಿಂದ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಇದೊಂದೇ ಉತ್ತರ ಕೊಡುವುದು.

ಗಂಡ ತನ್ನ ಹೆಂಡತಿಯನ್ನೇ ಪ್ರೀತಿಸುವ ಕಥೆ ಬೇಕೆಂದರೆ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಗೆ ಹೋಗಬೇಕು. ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ್ದು ಅಲ್ಲಿ. 1942ರ ಅವರ ‘ಮೈಸೂರು ಮಲ್ಲಿಗೆ’ಯ ಕವಿತೆಗಳನ್ನು ಕಥೆಯಾಗಿ ಹೆಣೆದು ಟಿ.ಎಸ್. ನಾಗಾಭರಣ 1992ರಲ್ಲಿ ತೆರೆಗೆ ತಂದರು. ಸುಧಾರಾಣಿ, ಆನಂದ್, ಗಿರೀಶ್ ಕಾರ್ನಾಡ್ ಅಭಿನಯಿಸಿದರು. ಕವಿಗೆ ಗೀತರಚನೆಗೆಂದು ರಾಷ್ಟ್ರಪ್ರಶಸ್ತಿ ಬಂತು. ಮದುವೆಯಾಗಿ ಕೆ.ಆರ್. ಪೇಟೆಗೆ ಬಂದಿದ್ದ ನಾನು, ಅತ್ತೆಯ ಜೊತೆ ಆ ಚಿತ್ರ ನೋಡಿದೆ. ಹೆಂಡತಿಯನ್ನು ಎದುರಿಗೆ ಹೊಗಳಿದರೆ ತಲೆ ಮೇಲೆ ಹತ್ತುತ್ತಾಳೆ ಎಂದು ನಂಬಿದ ಸೀಮೆ ನಮ್ಮದು. ನಮ್ಮ ಅತ್ತೆ ಚಿತ್ರವೆಲ್ಲ ಮುಗಿದ ಮೇಲೆ, “ಅಷ್ಟು ಹೊಗಳಿದ್ರೂ ಹುಡುಗಿ ಕೆಟ್ಟೋಗ್ಲಿಲ್ಲ, ನೋಡು,” ಎಂದರು. ಮನೆಗೆ ಬಂದು ಮಾವನವರಿಗೆ ಬಡಿಸುವಾಗ ಎರಡು ಬಾರಿ ನಕ್ಕರು. ಅವರಿಗೆ ಕಾರಣ ಗೊತ್ತಾಗಲಿಲ್ಲ.

ನಾಗಮಂಗಲ ತಾಲ್ಲೂಕಿನ ನಾಗತಿಹಳ್ಳಿಯಿಂದ ಬಂದ ಚಂದ್ರಶೇಖರರು ಅದೇ ವರ್ಷ, 1992ರಲ್ಲಿ, ‘ಉಂಡೂ ಹೋದ ಕೊಂಡೂ ಹೋದ’ ತೆಗೆದರು. ಅಧಿಕಾರಿಯ ವೇಷದಲ್ಲಿ ಬಂದ ಅನಂತನಾಗ್ ಊರಿಗೆ ಊರನ್ನೇ ಬೋಳಿಸುವ ಕಥೆ. ನಗುತ್ತಾ ನಗುತ್ತಾ, ನಮ್ಮೂರಿಗೂ ಇಂಥವನು ಬಂದಿದ್ದನಲ್ಲ ಎಂದು ಎಲ್ಲರೂ ಒಬ್ಬೊಬ್ಬರ ಹೆಸರು ಹೇಳತೊಡಗಿದರು. ಅವರ ‘ಅಮೆರಿಕಾ ಅಮೆರಿಕಾ’ ಬಂದಾಗ ಅದು ದೂರದ ದೇಶದ ಕಥೆ ಎನ್ನಿಸಿತ್ತು. ಹತ್ತು ವರ್ಷ ಕಳೆಯುವುದರೊಳಗೆ ನಮ್ಮ ತಾಲ್ಲೂಕು ಕೇಂದ್ರಗಳ ಮನೆಮನೆಯ ಹೆಣ್ಣುಮಕ್ಕಳು ಸಾಫ್ಟ್‌ವೇರ್ ವರನ ಕೈಹಿಡಿದು ವಿಮಾನ ಹತ್ತಿದರು. ಈಗ ಆ ಚಿತ್ರವನ್ನು ಟೀವಿಯಲ್ಲಿ ನೋಡುವ ತಾಯಂದಿರು ಪ್ರೇಮದ ಹಾಡುಗಳನ್ನು ಬಿಟ್ಟು, ಪರದೇಶದ ಮನೆಯಲ್ಲಿ ಒಂಟಿಯಾಗಿ ಕೂತ ಭೂಮಿಕಾಳನ್ನೇ ನೋಡುತ್ತಾರೆ.

ಮಂಡ್ಯದವರು ಅಂಬರೀಷ್ ಹೆಸರೆತ್ತದೆ ಸಿನಿಮಾದ ಮಾತು ಮುಗಿಸುವಂತಿಲ್ಲ. ಜಿಲ್ಲೆಯ ದೊಡ್ಡರಸಿನಕೆರೆಯವರು, ಪಿಟೀಲು ಚೌಡಯ್ಯನವರ ಮೊಮ್ಮಗ. 1972ರ ‘ನಾಗರಹಾವು’ವಿನಲ್ಲಿ ಜಲೀಲನಾಗಿ ಬಂದು ಹೆಣ್ಣುಮಕ್ಕಳ ಶಾಪ ತಿಂದವರು, 1994ರಲ್ಲಿ ‘ಮಂಡ್ಯದ ಗಂಡು’ ಆಗುವಷ್ಟು ಪ್ರೀತಿ ಗಳಿಸಿದರು. 1981ರ ‘ಅಂತ’ವನ್ನು ಊರೆಲ್ಲ ಮೆಚ್ಚಿದರೂ ನನಗೆ ಸೇರಲಿಲ್ಲ. ಆ ಚಿತ್ರಹಿಂಸೆಯ ದೃಶ್ಯಗಳಿಗೆ ಹೆಂಗಸರ ಕಡೆಯಲ್ಲಿ ಅರ್ಧ ಜನ ಸೆರಗಿನಲ್ಲಿ ಕಣ್ಣು ಮುಚ್ಚಿದ್ದರು. ಅದೇ ವರ್ಷದ ‘ರಂಗನಾಯಕಿ’ ನನ್ನ ಆಯ್ಕೆ. 2018ರ ನವೆಂಬರ್ 24ರ ರಾತ್ರಿ ಅಂಬರೀಷ್ ತೀರಿಕೊಂಡರು. ಅದೇ ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಹತ್ತಿರ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತಿದ್ದರು, ಅವರಲ್ಲಿ ಶಾಲೆಯಿಂದ ಮರಳುತ್ತಿದ್ದ ಮಕ್ಕಳೂ ಇದ್ದರು. ಮಾರನೆಯ ದಿನ ಮಂಡ್ಯದ ಕ್ರೀಡಾಂಗಣದಲ್ಲಿ ನಟನನ್ನು ನೋಡಲು ಜನಸಾಗರ. ನಮ್ಮ ಕಡೆ ಆ ದಿನ ಯಾರ ಮನೆಯಲ್ಲೂ ಯಾವ ದುಃಖ ಯಾವುದೆಂದು ಬಿಡಿಸಿ ಹೇಳುವಂತಿರಲಿಲ್ಲ. ತೆರೆಯ ಮೇಲಿನ ಸಾವಿಗೆ ಅತ್ತು ರೂಢಿಯಾದವರಿಗೆ ನಾಲೆಯ ದಂಡೆಯಲ್ಲಿ ಕಣ್ಣೀರು ಬರಲಿಲ್ಲ.

ಚಿತ್ರೀಕರಣದವರಿಗೆ ನಮ್ಮ ಸೀಮೆ ಬಹಳ ಇಷ್ಟ. ಬೃಂದಾವನದ ಕಾರಂಜಿಯ ಮುಂದೆ ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲ ಭಾಷೆಯ ಜೋಡಿಗಳೂ ಕುಣಿದಿವೆ. ಮಣಿರತ್ನಂ ಅವರ ‘ದಳಪತಿ’ಗೆ 1991ರಲ್ಲಿ ಮೇಲುಕೋಟೆಯ ರಾಯಗೋಪುರ ಬೇಕಾಯಿತು. ಶ್ರೀರಂಗಪಟ್ಟಣದ ಕಥೆಯನ್ನು ಹೇಳಹೊರಟ ಧಾರಾವಾಹಿ ‘ದಿ ಸೋರ್ಡ್ ಆಫ್ ಟಿಪ್ಪು ಸುಲ್ತಾನ್’ಗೆ ಮಾತ್ರ ಘೋರವಾದದ್ದು ಕಾದಿತ್ತು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು 62 ಮಂದಿ ಬೆಂದುಹೋದರು. ಮುಂದೆ ದೂರದರ್ಶನದಲ್ಲಿ ಧಾರಾವಾಹಿ ಬಂದಾಗ ಜನ ಕತ್ತಿವರಸೆ ನೋಡಿದರು. ಸತ್ತವರ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ತೆರೆಯ ಹಿಂದೆ ದುಡಿಯುವ ಜನಕ್ಕೂ ಅಡುಗೆಮನೆಯಲ್ಲಿ ದುಡಿಯುವ ನಮಗೂ ಅಂಥ ವ್ಯತ್ಯಾಸವೇನಿಲ್ಲ.

ಅಷ್ಟು ಹೊತ್ತಿಗೆ ಟೆಂಟುಗಳಿಗೆ ಕೊನೆಗಾಲ ಬಂದಿತ್ತು. ‘ರಾಮಾಯಣ’, ‘ಮಹಾಭಾರತ’ಗಳಿಗಾಗಿ ಟೀವಿ ಕೊಂಡ ಮನೆಗಳು ಭಾನುವಾರ ಸಂಜೆಯ ಕನ್ನಡ ಚಿತ್ರಕ್ಕೂ ಬಾಗಿಲು ತೆರೆದವು. ಆಮೇಲೆ ವೀಡಿಯೋ, ಕೇಬಲ್ಲು, ಈಗ ಅಂಗೈಯಲ್ಲಿ ಫೋನು. ಮೊದಮೊದಲು ನನಗೂ ಖುಷಿಯಾಗಿತ್ತು. ಅಪ್ಪಣೆ ಬೇಡ, ಕತ್ತಲ ದಾರಿಯ ಭಯ ಬೇಡ. ಆದರೆ ಮನೆಯ ಟೀವಿಯ ಮುಂದೆ ಹೆಂಗಸು ಪೂರ್ತಿ ಕೂರುವುದೇ ಇಲ್ಲ. ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ಕಿವಿ ಕುಕ್ಕರಿನ ಸೀಟಿಯ ಮೇಲೆ.

2016ರ ಮೇ ತಿಂಗಳಲ್ಲಿ ‘ತಿಥಿ’ ಬಿಡುಗಡೆಯಾಯಿತು. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಕಥೆಯ ಜೊತೆಗಾರಿಕೆ. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ಅಲ್ಲಿಯವರನ್ನೇ ಹಾಕಿಕೊಂಡು ತೆಗೆದದ್ದು. ಅದರ ಹಿಂದಿನ ವರ್ಷವೇ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗಳಿಸಿತ್ತು. ಸೆಂಚುರಿಗೌಡ ಸಾಯುತ್ತಾನೆ, ಮಗ ಗಡ್ಡಪ್ಪ ಬೀಡಿ ಸೇದುತ್ತಾ ತಿರುಗುತ್ತಾನೆ, ಮೊಮ್ಮಗ ಜಮೀನು ಮಾರಲು ಒದ್ದಾಡುತ್ತಾನೆ. ಮಾತೆಲ್ಲ ನಮ್ಮ ಮಾತು. ನಲವತ್ತು ವರ್ಷ ಸಿನಿಮಾದಲ್ಲಿ ನಮ್ಮ ಭಾಷೆಯನ್ನು ಆಳುಮಕ್ಕಳ, ನಗೆಪಾತ್ರಗಳ ಬಾಯಲ್ಲಿ ಕೇಳಿದವಳಿಗೆ, ಅದೇ ಭಾಷೆಯಲ್ಲಿ ಸಾವು ಬದುಕಿನ ಮಾತು ಕೇಳಿ ಮೈ ಜುಮ್ಮೆಂದಿತು. ‘ಬಂಗಾರದ ಮನುಷ್ಯ’ನ ನೆಲ ಎರಡು ತಲೆಮಾರಿನಲ್ಲಿ ಏನಾಯಿತು ಎಂಬುದಕ್ಕೆ ‘ತಿಥಿ’ಯೇ ಉತ್ತರ ಎಂದು ನನ್ನ ಅಂಬೋಣ. ಅದರಲ್ಲೂ ಒಂದು ತಕರಾರು ಉಳಿಯಿತು: ಗಂಡಸರ ಮೂರು ತಲೆಮಾರು ಕಣ್ತುಂಬ ಕಂಡಿತು, ತಿಥಿಯ ಅಡುಗೆ ಮಾಡಿದವರು ಕಂಡದ್ದು ಕಡಿಮೆ.

ಹಳೆಯದೆಲ್ಲ ಚೆನ್ನ ಎಂದು ಹೇಳುವ ವಯಸ್ಸು ನನಗೆ ಬಂದಿದೆ, ಆದರೂ ಹೇಳುವುದಿಲ್ಲ. ನೆಲದಲ್ಲಿ ತಿಗಣೆ ಇತ್ತು, ಬೀಡಿ ಹೊಗೆ ಇತ್ತು, ದಾರಿಯಲ್ಲಿ ಚುಡಾಯಿಸುವವರಿದ್ದರು. ಉಳಿಸಿಕೊಳ್ಳಬೇಕಾಗಿದ್ದದ್ದು ಒಂದೇ ಒಂದು: ಹೆಂಗಸರು ಒಟ್ಟಿಗೆ ಕೂತು, ಒಟ್ಟಿಗೆ ಅತ್ತು, ಮಾರನೆಯ ದಿನ ಒಟ್ಟಿಗೆ ತೀರ್ಪು ಕೊಡುತ್ತಿದ್ದ ಆ ಮೂರು ಗಂಟೆ. ವಾಣಿ, ತ್ರಿವೇಣಿಯವರು ನಮ್ಮ ಅಕ್ಕಪಕ್ಕದಿಂದಲೇ ಎದ್ದು ಬಂದು ಬರೆದರು. ನಮ್ಮ ಮಾತನ್ನು ತೆರೆ ಒಂದಿಷ್ಟು ಕಾಲ ಕೇಳಿಸಿಕೊಂಡಿತು. ಈಗ ನಮ್ಮ ಹೆಣ್ಣುಮಕ್ಕಳು ಓದಿದ್ದಾರೆ, ಕ್ಯಾಮೆರಾ ಅವರ ಕೈಯಲ್ಲೇ ಇದೆ. ತಿಂಗಳಿಗೊಂದು ಸಂಜೆ ಮಹಿಳಾ ಸಮಾಜದ ಹಜಾರದಲ್ಲಿ ಒಂದು ಬಿಳಿ ಪಂಚೆ ಕಟ್ಟಿ, ಹತ್ತು ಜನ ಹೆಂಗಸರು ಕೂತು ಒಂದು ಚಿತ್ರ ನೋಡುವುದಕ್ಕೆ ಎಷ್ಟು ಖರ್ಚಾದೀತು? ಕುರ್ಚಿ ಇಲ್ಲದಿದ್ದರೂ ಚಿಂತೆಯಿಲ್ಲ. ನೆಲದ ಮೇಲೆ ಕೂತು ನಮಗೆ ಅಭ್ಯಾಸವಿದೆ.